ಇಂಪ್ಯಾಕ್ಟ್ ಡ್ರೈವರ್ ಒಂದೇ ಸಾಕೇ, ಡ್ರಿಲ್ ಸೇರಿದ ಜೋಡಿ ಕಿಟ್ಟೇ ಬೇಕೇ?

ಹೊಸಗೈ
ಎಲ್ಲರಿಗೂ ನಮಸ್ಕಾರ. ನನ್ನ ಬಳಿ ವೈರ್ ಇರುವ ಹಳೆಯ ಡ್ರಿಲ್ಲಿಂಗ್ ಮಷಿನ್ ಇದೆ. ಗೋಡೆಗೆ ತೂತು ಹೊಡೆಯಲು ಅಡ್ಡಿಯಿಲ್ಲ. ಆದರೆ ಸ್ಕ್ರೂ ಬಿಗಿಯಲು ಅದನ್ನು ಹಿಡಿದರೆ ಒಂದೋ ಸ್ಕ್ರೂವಿನ ತಲೆ ಸವೆಯುತ್ತದೆ, ಇಲ್ಲವೇ ಮರ ಸೀಳುತ್ತದೆ. ಬ್ಯಾಟರಿಯದೊಂದು ಕೊಳ್ಳೋಣ ಎಂದು ಹುಡುಕಲು ಹೊರಟರೆ ನೋಡಿದಷ್ಟೂ ಗೊಂದಲ ಹೆಚ್ಚಾಗುತ್ತಿದೆ.

ಮುಂದಿರುವ ಕೆಲಸಗಳು: ಪ್ಲೈವುಡ್ಡಿನ ಪುಸ್ತಕದ ಕಪಾಟು, ಹೊರಗಿಡಲು ಗಟ್ಟಿಮರದ ಬೆಂಚು, ವಾರ್ಡ್‌ರೋಬ್ ಬಾಗಿಲುಗಳ ಹಿಂಜ್ ಬದಲಾವಣೆ, ಕಿಟಕಿಗಳಿಗೆ ಪರದೆಯ ಕಂಬಿ.

ಒಂದು ಇಂಪ್ಯಾಕ್ಟ್ ಡ್ರೈವರಿನ ಪೆಟ್ಟಿಗೆಯ ಮೇಲೆ ತಿರುಗಿಸುವ ಬಲ 180 ನ್ಯೂಟನ್ ಮೀಟರ್ ಎಂದಿದೆ. ಅದೇ ಕಂಪನಿಯ ಡ್ರಿಲ್ ಮೇಲೆ 55 ಎಂದಿದೆ. ಮೂರು ಪಟ್ಟು ಬಲವಿರುವುದೇ ಗಾತ್ರದಲ್ಲಿ ಚಿಕ್ಕದು! ಹಾಗಿದ್ದರೆ ಡ್ರಿಲ್ ಯಾಕೆ ಬೇಕು? 12, 18, 20 ವೋಲ್ಟ್‌ಗಳಲ್ಲಿ ಯಾವುದು ಸರಿ? ಬ್ರಷ್‌ಲೆಸ್ ಎಂದು ಹೆಚ್ಚು ಹಣ ಕೇಳುತ್ತಾರೆ, ಕೊಡಬೇಕೇ? ತಿಳಿದವರು ಹೇಳಿ.

ಹಳೆಯಉಳಿ
ಒಂದೇ ಕೊಳ್ಳುವುದಾದರೆ ಡ್ರಿಲ್. ಎರಡನೆಯ ಮಾತಿಲ್ಲ.

ಬಾಗಿಲುಚೌಕಟ್ಟು
ಎರಡನೆಯ ಮಾತು ಇದೆ. ಅವರೇ ಬರೆದಿದ್ದಾರಲ್ಲ, ತೂತು ಹೊಡೆಯಲು ವೈರ್ ಡ್ರಿಲ್ ಆಗಲೇ ಇದೆ ಎಂದು. ಕೈಯಲ್ಲಿ ಇಲ್ಲದಿರುವುದು ಸ್ಕ್ರೂ ಬಿಗಿಯುವ ಸಾಧನ. ಇಂಪ್ಯಾಕ್ಟ್ ಡ್ರೈವರ್ ಹುಟ್ಟಿರುವುದೇ ಅದಕ್ಕೆ. ಗಟ್ಟಿಮರಕ್ಕೆ 75 ಮಿಲಿಮೀಟರ್ ಸ್ಕ್ರೂ ಹೊಡೆಯುವಾಗ ಡ್ರಿಲ್ ಹಿಡಿದು ನೋಡಿ, ಕೊನೆಯ ಎರಡು ಸುತ್ತಿನಲ್ಲಿ ಅದು ನಿಮ್ಮ ಮಣಿಕಟ್ಟನ್ನೇ ತಿರುಗಿಸಲು ನೋಡುತ್ತದೆ. ಇಂಪ್ಯಾಕ್ಟ್ ಡ್ರೈವರ್ ಒಂದೇ ಕೈಯಲ್ಲಿ ಆ ಕೆಲಸ ಮುಗಿಸುತ್ತದೆ.

ಹೊಸಗೈ
ಬಲ ಹೆಚ್ಚಿದ್ದರೆ ಕೈಗೆ ಬೀಳುವ ತಿರುವೂ ಹೆಚ್ಚಿರಬೇಕಲ್ಲ? ಕಡಿಮೆ ಹೇಗೆ ಆಗುತ್ತದೆ?

ಬಾಗಿಲುಚೌಕಟ್ಟು
ಒಳಗಿನ ರಚನೆ ನೋಡಿದರೆ ಅರ್ಥವಾಗುತ್ತದೆ. ಮೋಟಾರು ನೇರವಾಗಿ ಬಿಟ್ ಅನ್ನು, ಅಂದರೆ ಮುಂದೆ ಸಿಕ್ಕಿಸುವ ಉಕ್ಕಿನ ತುದಿಯನ್ನು, ತಿರುಗಿಸುವುದಿಲ್ಲ. ನಡುವೆ ಉಕ್ಕಿನ ಒಂದು ಸುತ್ತಿಗೆ, ಅದರ ಹಿಂದೆ ದಪ್ಪ ಸ್ಪ್ರಿಂಗ್, ಮುಂದೆ ಎರಡು ಕಿವಿಗಳಿರುವ, ಏಟು ತಿನ್ನುವ ಉಕ್ಕಿನ ಅಡಿಗಲ್ಲು. ಬಿಟ್ ಸಿಕ್ಕಿಸುವುದು ಆ ಅಡಿಗಲ್ಲಿನ ಮೂತಿಗೆ. ಸ್ಕ್ರೂ ಸಲೀಸಾಗಿ ಹೋಗುತ್ತಿರುವಷ್ಟು ಹೊತ್ತು ಎಲ್ಲವೂ ಒಟ್ಟಿಗೆ ತಿರುಗುತ್ತದೆ, ಸದ್ದೇ ಇರುವುದಿಲ್ಲ. ಬಿಗಿಯಾದಾಗ ಅಡಿಗಲ್ಲು ನಿಲ್ಲುತ್ತದೆ, ಮೋಟಾರು ನಿಲ್ಲುವುದಿಲ್ಲ. ಸುತ್ತಿಗೆ ಸ್ಪ್ರಿಂಗನ್ನು ಒತ್ತಿಕೊಂಡು ಹಿಂದೆ ಸರಿಯುತ್ತದೆ, ಕಿವಿಗಳನ್ನು ದಾಟಿದ ಕೂಡಲೇ ಮುಂದೆ ನುಗ್ಗಿ ಮುಂದಿನ ಕಿವಿಗೆ ಅಪ್ಪಳಿಸುತ್ತದೆ. ಹೀಗೆ ನಿಮಿಷಕ್ಕೆ 3000ದಿಂದ 4000 ಏಟು. ತುಕ್ಕು ಹಿಡಿದ ನಟ್ಟಿಗೆ ಸ್ಪ್ಯಾನರ್ ಹಾಕಿ ಅದರ ತುದಿಗೆ ಸುತ್ತಿಗೆಯಿಂದ ಹೊಡೆದು ಬಿಡಿಸುವುದಿಲ್ಲವೇ? ಅದೇ ಕೆಲಸ ಇಲ್ಲಿ ಯಂತ್ರದ ಹೊಟ್ಟೆಯೊಳಗೆ ನಡೆಯುತ್ತದೆ. ಏಟು ಬೀಳುವುದು ಅಡಿಗಲ್ಲಿಗೆ. ನಿಮ್ಮ ಕೈಗೆ ಬರುವುದು ಆ ಸ್ಪ್ರಿಂಗ್ ಒತ್ತುವಷ್ಟು ತಿರುವು ಮಾತ್ರ.

ಗರಗಸಗಿತ್ತಿ
ವಿವರಣೆ ಸರಿಯಾಗಿದೆ. ಆದರೆ 180 ಮತ್ತು 55ನ್ನು ಒಂದೇ ತಕ್ಕಡಿಯಲ್ಲಿ ಇಡಬೇಡಿ ಎಂಬುದನ್ನೂ ಹೇಳಬೇಕಿತ್ತು. ಇಂಪ್ಯಾಕ್ಟ್ ಡ್ರೈವರಿನ ಅಂಕಿ ಏಟು ಬಿದ್ದ ಕ್ಷಣಗಳ ಗರಿಷ್ಠ. ಅದೂ ಗಟ್ಟಿ ಬೋಲ್ಟಿನ ಮೇಲೆ ಅಳೆದದ್ದು. ಡ್ರಿಲ್ ಕೊಡುವುದು ಎಡೆಬಿಡದ ತಿರುವು. ದೊಡ್ಡ ತೂತು ಕೊರೆಯಲು ಬೇಕಾದದ್ದು ಈ ಎರಡನೆಯದು.

ಡ್ರಿಲ್ಲಿನಲ್ಲೂ ಅಂಕಿ ನೋಡುವಾಗ ಎಚ್ಚರ ಬೇಕು. ವಿವರಪಟ್ಟಿಯಲ್ಲಿ 28/55 ಎಂದು ಎರಡು ಸಂಖ್ಯೆ ಕೊಟ್ಟಿರುತ್ತಾರೆ. ಮೊದಲನೆಯದು ಮರದಂತಹ ಮೆದು ವಸ್ತುವಿನಲ್ಲಿ, ಎರಡನೆಯದು ಲೋಹದಂತಹ ಗಟ್ಟಿ ಜಾಗದಲ್ಲಿ ತಟ್ಟನೆ ನಿಂತಾಗ. ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚಾಗುವುದು ಎರಡನೆಯದೇ.

ಇನ್ನು ಹೊಸಗೈ ಅವರ ಪಟ್ಟಿಯಲ್ಲಿ ಹಿಂಜ್ ಇದೆ. ಅಲ್ಲಿಗೆ ಇಂಪ್ಯಾಕ್ಟ್ ಡ್ರೈವರ್ ತಂದರೆ ನಾನು ಕೈ ಹಿಡಿದು ತಡೆಯುತ್ತೇನೆ. ಪಾರ್ಟಿಕಲ್ ಬೋರ್ಡಿಗೆ 16 ಮಿಲಿಮೀಟರ್ ಉದ್ದದ ಪುಟ್ಟ ಸ್ಕ್ರೂ. ಟ್ರಿಗರ್ ಕೂದಲೆಳೆ ಹೆಚ್ಚು ಒತ್ತಿದರೂ ಸ್ಕ್ರೂ ಕೂತ ಜಾಗದಲ್ಲೇ ತಿರುಗಿ ಒಳಗಿನ ಎಳೆಯನ್ನೆಲ್ಲ ಪುಡಿ ಮಾಡುತ್ತದೆ. ಆಮೇಲೆ ಆ ತೂತಿನಲ್ಲಿ ಯಾವ ಸ್ಕ್ರೂವೂ ನಿಲ್ಲುವುದಿಲ್ಲ.

ಹಳೆಯಉಳಿ
ಕ್ಲಚ್! ನಾನು ಡ್ರಿಲ್ ಎಂದದ್ದು ಇದಕ್ಕೇ. ಬಿಟ್ ಹಿಡಿಯುವ ಚಕ್ಕಿನ ಹಿಂದೆ ಸಂಖ್ಯೆಗಳಿರುವ ಬಳೆ ಇದೆಯಲ್ಲ, ಹೆಚ್ಚಿನ ಇಂಪ್ಯಾಕ್ಟ್ ಡ್ರೈವರುಗಳಲ್ಲಿ ಅದು ಇರುವುದಿಲ್ಲ.

ಬಾಗಿಲುಚೌಕಟ್ಟು
ಈಗಿನವುಗಳಲ್ಲಿ ಮೂರು ನಾಲ್ಕು ವೇಗ ಇರುತ್ತದೆ. ಕಡಿಮೆಗೆ ಇಟ್ಟುಕೊಂಡು ಬೆರಳಿನ ಹಿಡಿತದಲ್ಲಿ ಮಾಡಬಹುದು. ನಾನು ಹಿಂಜ್ ಕೂಡ ಅದರಲ್ಲೇ ಹಾಕುತ್ತೇನೆ.

ಗರಗಸಗಿತ್ತಿ
ನಿಮ್ಮ ಬೆರಳು ಪಳಗಿದೆ, ಸರ್. ಕೇಳಿದವರು ತಮ್ಮ ಹೆಸರನ್ನೇ ಹೊಸಗೈ ಎಂದು ಇಟ್ಟುಕೊಂಡಿದ್ದಾರೆ. ವೇಗ ಕಡಿಮೆ ಮಾಡುವುದೂ ಕ್ಲಚ್ಚೂ ಒಂದೇ ಅಲ್ಲ. ಕ್ಲಚ್ ತಿರುವು ಒಂದು ಮಿತಿ ಮುಟ್ಟಿದ ಕೂಡಲೇ ಕಟಕಟ ಎಂದು ಜಾರಿ ಬಿಡುತ್ತದೆ, ನೀವು ಟ್ರಿಗರ್ ಹಿಡಿದೇ ಇದ್ದರೂ ಸರಿ. ಕೆಲವು ಇಂಪ್ಯಾಕ್ಟ್ ಡ್ರೈವರುಗಳಲ್ಲಿ ಏಟು ಶುರುವಾದ ತಕ್ಷಣ ತಾನೇ ನಿಲ್ಲುವ ವಿಧಾನವೊಂದು ಇದೆ. ತಗಡಿಗೆ ಹೊಡೆಯುವ ಸ್ಕ್ರೂಗಳಿಗೆ ಅದು ಒಳ್ಳೆಯದು. ಪಾರ್ಟಿಕಲ್ ಬೋರ್ಡಿಗೆ ಅದನ್ನೂ ನಂಬುವುದಿಲ್ಲ.

ಹೊಸಗೈ
ಆ ಬಳೆಯ ಮೇಲಿನ 1ರಿಂದ 20ರ ಸಂಖ್ಯೆಗಳು ನ್ಯೂಟನ್ ಮೀಟರೇ?

ಗರಗಸಗಿತ್ತಿ
ಅಲ್ಲ, ಬರೀ ಮೆಟ್ಟಿಲು. ಒಂದು ಯಂತ್ರದ 7 ಇನ್ನೊಂದರ 7 ಆಗಬೇಕಿಲ್ಲ. ಅದೇ ಮರದ ತುಂಡು, ಅದೇ ಸ್ಕ್ರೂ ತೆಗೆದುಕೊಂಡು 2ರಿಂದ ಶುರು ಮಾಡಿ. ತಲೆ ಮೇಲ್ಮೈಗೆ ಸಮನಾಗಿ ಕೂತಾಗ ಜಾರುವ ಸಂಖ್ಯೆ ಸಿಕ್ಕರೆ ಉಳಿದ ನಲವತ್ತು ಸ್ಕ್ರೂಗಳನ್ನು ಕಣ್ಣು ಮುಚ್ಚಿ ಹೊಡೆಯಬಹುದು. ಗೇರ್ 1ರಲ್ಲಿಡಿ, ಸುಮಾರು 500 ಸುತ್ತು. ಗೇರ್ 2 ತೂತಿಗೆ.

ತಾಮ್ರತಂತಿ
ಪರದೆಯ ಕಂಬಿಯ ವಿಷಯ ಯಾರೂ ಎತ್ತಲಿಲ್ಲ. ಇಂಪ್ಯಾಕ್ಟ್ ಡ್ರೈವರ್ ಗೋಡೆ ಕೊರೆಯುವುದಿಲ್ಲ, ಅದರ ಏಟು ಸುತ್ತ ತಿರುಗುವ ದಿಕ್ಕಿನಲ್ಲಿ ಬೀಳುವುದು. ಗೋಡೆಗೆ ಬೇಕಾದ್ದು ಬಿಟ್ಟಿನ ಉದ್ದಕ್ಕೆ, ಮುಂದಕ್ಕೆ ಬೀಳುವ ಏಟು. ಡ್ರಿಲ್ಲಿನ ಮೇಲೆ ಸುತ್ತಿಗೆಯ ಗುರುತು ಇದ್ದರೆ ಅದರಲ್ಲಿ ಹಲ್ಲಿರುವ ಎರಡು ತಟ್ಟೆಗಳು ಒಂದರ ಮೇಲೊಂದು ಉಜ್ಜಿ ಬಿಟ್ ಅನ್ನು ಕುಕ್ಕುತ್ತವೆ. ಇಟ್ಟಿಗೆಗೆ ಅಷ್ಟು ಸಾಕು. ಕಿಟಕಿಯ ಮೇಲೆ ಸಾಮಾನ್ಯವಾಗಿ ಕಾಂಕ್ರೀಟ್ ಲಿಂಟಲ್ ಇರುತ್ತದೆ, ಅಲ್ಲಿ ಈ ತಟ್ಟೆಯ ಡ್ರಿಲ್ ಬರೀ ಕಿರುಚುತ್ತದೆ, ಬಿಟ್ ಕೆಂಪಗೆ ಕಾಯುತ್ತದೆ, ತೂತು ಮಾತ್ರ ಮುಂದೆ ಹೋಗುವುದಿಲ್ಲ.

ಕಾಂಕ್ರೀಟಿಗೆ ಎಸ್‌ಡಿಎಸ್ ಪ್ಲಸ್ ರೋಟರಿ ಹ್ಯಾಮರ್. ಅದರಲ್ಲಿ ಗಾಳಿಯ ಒತ್ತಡದಿಂದ ಓಡುವ ಪಿಸ್ಟನ್ ಇದೆ. ಏಟು ಕಡಿಮೆ, ಪ್ರತಿ ಏಟಿನ ಕಸುವು ಹೆಚ್ಚು. ಸುಮಾರು 2 ಜೌಲ್ ಇರುವ ಚಿಕ್ಕದರಲ್ಲೇ 6 ಮಿಲಿಮೀಟರ್ ತೂತು ಕೆಲವು ಸೆಕೆಂಡುಗಳ ಕೆಲಸ. ಎರಡು ಕಂಬಿಗಾಗಿ ಕೊಳ್ಳಬೇಡಿ, ಒಂದು ದಿನಕ್ಕೆ ಬಾಡಿಗೆಗೆ ತನ್ನಿ.

ಮೂರನೇಮಹಡಿ
ತೂತು ಹೊಡೆಯುವ ಮೊದಲು ಗೋಡೆಯೊಳಗೆ ವೈರ್ ಎಲ್ಲಿ ಹೋಗಿದೆ ಎಂದು ನೋಡಿಕೊಳ್ಳಲು ಹೇಳಿ, ತಾಮ್ರತಂತಿಯವರೇ. ನಿಮ್ಮಿಂದಲೇ ಆ ಮಾತು ಬರಬೇಕಿತ್ತು.

ತಾಮ್ರತಂತಿ
ಸ್ವಿಚ್ ಬೋರ್ಡಿನಿಂದ ನೇರ ಮೇಲಕ್ಕೆ ಮತ್ತು ನೇರ ಪಕ್ಕಕ್ಕೆ ಕೊರೆಯಬೇಡಿ. ಆಯಿತೇ?

ಮೂರನೇಮಹಡಿ
ಆಯಿತು. ನನ್ನ ಮಾತೂ ಕೇಳಿ: ಮನೆಯ ಕೆಲಸಕ್ಕೆ 12 ವೋಲ್ಟಿನ ಜೋಡಿ ಧಾರಾಳ ಸಾಕು. ನಾನು ದಿನವೂ ಮಾಡ್ಯುಲರ್ ಕಪಾಟು ಕೂರಿಸುವವನು. ತಲೆಯ ಮೇಲೆ ಕೈ ಎತ್ತಿ ಸ್ಕ್ರೂ ಹಾಕುತ್ತಾ ಹೋದರೆ ಸಂಜೆಗೆ ಭುಜ ಏನು ಹೇಳುತ್ತದೆ ಎಂಬುದು ವಿವರಪಟ್ಟಿಯಲ್ಲಿ ಇರುವುದಿಲ್ಲ. ಬ್ಯಾಟರಿ ಸೇರಿ ಒಂದು ಕಿಲೋ ಆಸುಪಾಸಿನ ಡ್ರಿಲ್ ಕಪಾಟಿನ ಒಳಮೂಲೆಗೂ ನುಗ್ಗುತ್ತದೆ.

ಬಾಗಿಲುಚೌಕಟ್ಟು
ಗಟ್ಟಿಮರದ ಬೆಂಚಿಗೆ?

ಮೂರನೇಮಹಡಿ
ಮೊದಲು ಸ್ಕ್ರೂಗಿಂತ ಸಣ್ಣದೊಂದು ದಾರಿತೂತು, ಅಂದರೆ ಪೈಲಟ್ ತೂತು, ಹೊಡೆದರೆ ಅದಕ್ಕೂ ಆಗುತ್ತದೆ. ಪೈಲಟ್ ತೂತಿಲ್ಲದೆ ಗಟ್ಟಿಮರಕ್ಕೆ ಸ್ಕ್ರೂ ನುಗ್ಗಿಸುವವರಿಗೆ ಎಷ್ಟು ವೋಲ್ಟ್ ಕೊಟ್ಟರೂ ಹಲಗೆಯ ತುದಿ ಸೀಳುವುದು ತಪ್ಪುವುದಿಲ್ಲ.

ಕೋಶಗಣಿತ
ವೋಲ್ಟಿನ ವಿಷಯ ಬಂತಲ್ಲ, ಇನ್ನು ಸುಮ್ಮನಿರಲಾರೆ. 18 ಮತ್ತು 20 ಬೇರೆ ಬೇರೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಒಳಗೆ ಲಿಥಿಯಂ ಅಯಾನ್ ಕೋಶಗಳು ಸಾಲಾಗಿ ಐದು. ಒಂದೊಂದರ ಸರಾಸರಿ 3.6 ವೋಲ್ಟ್, ಐದಕ್ಕೆ 18. ಪೂರ್ತಿ ಚಾರ್ಜ್ ಆಗಿ ಹೊರೆಯಿಲ್ಲದೆ ಇರುವಾಗ ಒಂದೊಂದೂ 4 ವೋಲ್ಟ್ ದಾಟಿರುತ್ತದೆ, ಹಾಗಾಗಿ '20 ಮ್ಯಾಕ್ಸ್'. ಡಿವಾಲ್ಟ್ ಕಂಪನಿ ಅಮೆರಿಕದಲ್ಲಿ 20 ಮ್ಯಾಕ್ಸ್ ಎಂದು ಮಾರುವುದನ್ನೇ ಯುರೋಪಿನಲ್ಲಿ 18 ಎಂದು ಮಾರುತ್ತದೆ. ಅದೇ ರೀತಿ ಮೂರು ಕೋಶದ 10.8 ವೋಲ್ಟಿಗೆ '12 ಮ್ಯಾಕ್ಸ್' ಎಂಬ ಹೆಸರು.

ಇನ್ನು ಹೆಸರಿಲ್ಲದ ಅಗ್ಗದ ಪೆಟ್ಟಿಗೆಗಳ ಮೇಲೆ 48 ವಿಎಫ್, 88 ವಿಎಫ್ ಎಂದು ಅಚ್ಚು ಹಾಕಿರುತ್ತಾರೆ. ಬಿಚ್ಚಿ ನೋಡಿದರೆ ಅಲ್ಲೂ ಐದೇ ಕೋಶದ ಸಾಲು. ಆ ಸಂಖ್ಯೆಗಳಿಗೂ ವೋಲ್ಟಿಗೂ ಸಂಬಂಧವಿಲ್ಲ. ಹೇಳುವವರಿಗೆ ನಾಚಿಕೆಯಿಲ್ಲದಿದ್ದರೆ ಕೇಳುವವರಿಗಾದರೂ ಲೆಕ್ಕ ಬರಬೇಕು.

ಹೊಸಗೈ
ಆಂಪಿಯರ್ ಅವರ್ ಹೆಚ್ಚಿದ್ದರೆ ಹೆಚ್ಚು ಹೊತ್ತು ಬರುತ್ತದೆ, ಅಷ್ಟೇ ತಾನೆ?

ಕೋಶಗಣಿತ
ಅಷ್ಟೇ ಅಲ್ಲ. ವೋಲ್ಟನ್ನು ಆಂಪಿಯರ್ ಅವರಿನಿಂದ ಗುಣಿಸಿದರೆ ವ್ಯಾಟ್ ಅವರ್. 18 ವೋಲ್ಟಿನ 2 ಆಂಪಿಯರ್ ಅವರ್ ಬ್ಯಾಟರಿ 36 ವ್ಯಾಟ್ ಅವರ್, 4ರದ್ದು 72. ಆದರೆ ಹಳೆಯ ಮಾದರಿಯ 18650 ಕೋಶಗಳಿರುವ 4ರ ಬ್ಯಾಟರಿಯಲ್ಲಿ ಕೋಶಗಳು ಹತ್ತು, ಐದೈದರ ಎರಡು ಸಾಲು. ಯಂತ್ರ 30 ಆಂಪಿಯರ್ ಎಳೆದರೆ ಐದು ಕೋಶದ ಬ್ಯಾಟರಿಯಲ್ಲಿ ಪ್ರತಿ ಕೋಶಕ್ಕೂ ಆ 30 ಬೀಳುತ್ತದೆ. ಹತ್ತು ಕೋಶದ್ದರಲ್ಲಿ ತಲಾ 15. ಕೋಶಕ್ಕೆ ಹೊರೆ ಹೆಚ್ಚಿದಷ್ಟೂ ವೋಲ್ಟ್ ಕುಸಿಯುತ್ತದೆ, ಬಿಸಿಯೂ ಏರುತ್ತದೆ. ಅದೇ ಡ್ರಿಲ್ಲಿಗೆ ದೊಡ್ಡ ಬ್ಯಾಟರಿ ಹಾಕಿದಾಗ ಕಸುವು ಹೆಚ್ಚಿದಂತೆ ಕಾಣುವುದು ಭ್ರಮೆಯಲ್ಲ. ಈಗ 21700 ಎಂಬ ತುಸು ದಪ್ಪನೆಯ ಕೋಶಗಳು ಬಂದಿವೆ, ಅವುಗಳಿಂದ ಐದೇ ಕೋಶದಲ್ಲಿ 4 ಆಂಪಿಯರ್ ಅವರ್ ಸಿಗುತ್ತದೆ.

ಮೂರನೇಮಹಡಿ
ತೂಕವೂ ಏರುತ್ತದೆ ಎಂಬುದನ್ನು ಮರೆಯಬೇಡಿ. ಹಿಂಜ್ ಹಾಕಲು ಹತ್ತು ಕೋಶ ಹೊತ್ತುಕೊಂಡು ನಿಲ್ಲುವುದು ನನ್ನಿಂದಾಗದು.

ಸುಮ್ಮನೆಓದುಗ
ವಿಷಯಾಂತರಕ್ಕೆ ಕ್ಷಮೆಯಿರಲಿ. ಬ್ಯಾಟರಿ ಡ್ರಿಲ್ ಹುಟ್ಟಿದ್ದೇ ಚಂದ್ರಯಾನಕ್ಕಾಗಿ ನಾಸಾದವರು ಕಂಡುಹಿಡಿದದ್ದರಿಂದ ಎಂದು ಎಲ್ಲೋ ಓದಿದ್ದೆ. ನಿಜವೇ?

ಕೋಶಗಣಿತ
ಅಲ್ಲ. ಬ್ಲ್ಯಾಕ್ ಆ್ಯಂಡ್ ಡೆಕರ್ ಕಂಪನಿ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಯ ಡ್ರಿಲ್ ತಂದದ್ದು 1961ರಲ್ಲಿ. ನಾಸಾ ಜೊತೆಗಿನ ಕೆಲಸ ಆಮೇಲಿನದು. ಚಂದ್ರನ ಮೇಲೆ ಬ್ಯಾಟರಿ ಡ್ರಿಲ್ ಓಡಿದ್ದು ನಿಜ, 1971ರ ಅಪೊಲೊ 15ರಲ್ಲಿ. ಡೇವಿಡ್ ಸ್ಕಾಟ್ ಅದನ್ನು ಹಿಡಿದು ಪಟ್ಟ ಪಾಡು ದೊಡ್ಡದು. ಮೋಟಾರು ತಿರುಗುತ್ತಿತ್ತು, ಆದರೆ ಕೊಳವೆಯ ಜೋಡಣೆಯ ಜಾಗದಲ್ಲಿ ಮಣ್ಣು ಮೇಲೆ ಬರಲು ದಾರಿಯಿಲ್ಲದೆ ಸಿಕ್ಕಿಕೊಳ್ಳುತ್ತಿತ್ತು. ಕೊನೆಗೆ ಒಳಗಿಳಿದ ಕೊಳವೆಯನ್ನು ಹೊರಗೆಳೆಯಲು ಇಬ್ಬರು ಸೇರಿ ಭುಜ ಕೊಡಬೇಕಾಯಿತು. ಮುಂದಿನ ಯಾನಕ್ಕೆ ಬದಲಿಸಿದ್ದು ಆ ಕೊಳವೆಯ ರಚನೆಯನ್ನು.

ಗರಗಸಗಿತ್ತಿ
ನೋಡಿ, ಚಂದ್ರನಲ್ಲೂ ತೊಂದರೆ ಬಿಟ್ಟಿನದೇ. ಇಲ್ಲಿಯೂ ಯಂತ್ರಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳುವವರು ಬಿಟ್ಟಿಗೆ ಕಿಟ್ಟಿನ ಜೊತೆ ಪುಕ್ಕಟೆ ಬಂದದ್ದನ್ನೇ ಬಳಸುತ್ತಾರೆ. ಹೊಸಗೈ, ನಿಮ್ಮ ಸ್ಕ್ರೂವಿನ ತಲೆ ಸವೆಯಲು ಅರ್ಧ ಕಾರಣ ಅಲ್ಲಿದೆ. ಕೂಡುಗುರುತಿನ ತಲೆಗಳೆಲ್ಲ ಒಂದೇ ಅಲ್ಲ. ಸಾದಾ ಫಿಲಿಪ್ಸ್‌ಗೆ ಪಿಎಚ್2 ಬಿಟ್. ಕೂಡುಗುರುತಿನ ನಡುನಡುವೆ ಇನ್ನೂ ನಾಲ್ಕು ಸಣ್ಣ ಗೆರೆಗಳಿದ್ದರೆ ಅದು ಪೋಜಿಡ್ರೈವ್, ಅದಕ್ಕೆ ಪಿಜೆಡ್2. ಒಂದರಲ್ಲಿ ಇನ್ನೊಂದನ್ನು ಹಾಕಿದರೆ ಕೂತಂತೆ ಕಾಣುತ್ತದೆ, ಬಿಗಿಯಾದ ಕ್ಷಣದಲ್ಲಿ ಮೇಲೆ ಹಾರಿ ತಲೆಯನ್ನು ಕೆತ್ತಿ ಹಾಕುತ್ತದೆ. ನಿಮ್ಮ ಬೆಂಚಿಗೆ ನಕ್ಷತ್ರದ ತಲೆಯ ಟಾರ್ಕ್ಸ್ ಸ್ಕ್ರೂ ಕೊಂಡುಕೊಳ್ಳಿ, ಈ ಗೋಳೇ ಇರುವುದಿಲ್ಲ.

ಇಂಪ್ಯಾಕ್ಟ್ ಡ್ರೈವರಿಗೆ ಅದಕ್ಕೆಂದೇ ಮಾಡಿದ ಬಿಟ್ ಬೇಕು. ನಡುವೆ ಸೊಂಟ ಸಣ್ಣಗೆ ಮಾಡಿರುತ್ತಾರೆ, ಏಟು ಬಿದ್ದಾಗ ಅಲ್ಲಿ ತುಸು ತಿರುಚಿಕೊಂಡು ಹಿಂದಿರುಗುತ್ತದೆ. ಮಿನುಗುವ ಗಡುಸು ಬಿಟ್ಟುಗಳು ಮೂತಿ ಮುರಿದು ಸಿಡಿಯುತ್ತವೆ. ಕನ್ನಡಕ ಹಾಕಿ.

ಹಳೆಯಉಳಿ
ಕಿವಿಗೂ ಏನಾದರೂ ಹಾಕಿ. ಅದರ ಅರಚಾಟ 95 ಡೆಸಿಬಲ್ ದಾಟುತ್ತದೆ. ಮುಚ್ಚಿದ ಕೋಣೆಯಲ್ಲಿ ಪಕ್ಕದಲ್ಲಿ ನಿಂತವರಿಗೂ ಶಿಕ್ಷೆ. ನನಗೆ ಆ ಯಂತ್ರ ಕಂಡರಾಗದ ಕಾರಣಗಳಲ್ಲಿ ಇದೂ ಒಂದು.

ಬಾಗಿಲುಚೌಕಟ್ಟು
ಎಣ್ಣೆಯ ಒತ್ತಡದಿಂದ ಏಟು ಕೊಡುವವು ಬಂದಿವೆ, ಸದ್ದು ತೀರಾ ಕಡಿಮೆ. ಉಳಿಯವರು ಒಮ್ಮೆ ಹಿಡಿದು ನೋಡಬೇಕು.

ಹಳೆಯಉಳಿ
ನನ್ನ ಕೈ ತಿರುಪುಳಿಗೆ ಎಣ್ಣೆಯೂ ಬೇಡ, ಚಾರ್ಜೂ ಬೇಡ.

ಹೊಸಗೈ
ಇನ್ನೊಂದು ಆಸೆ. ಇಂಪ್ಯಾಕ್ಟ್ ಡ್ರೈವರ್ ಇದ್ದರೆ ಕಾರಿನ ಚಕ್ರದ ನಟ್ಟನ್ನೂ ಬಿಚ್ಚಬಹುದೇ?

ತಾಮ್ರತಂತಿ
ಚೌಕದ ಅಡಾಪ್ಟರ್ ಹಾಕಿ ಬಿಚ್ಚುವವರು ಇದ್ದಾರೆ. 6.35 ಮಿಲಿಮೀಟರ್ ಷಟ್ಕೋನದ ಆ ಸಣ್ಣ ಕತ್ತಿನ ಮೂಲಕ ಅಷ್ಟು ಬಲ ಹೋಗುವಾಗ ಅಡಾಪ್ಟರೇ ತುಂಡಾಗುವುದೂ ಇದೆ. ಹೆಚ್ಚಿನ ಕಾರುಗಳ ನಟ್ಟನ್ನು ಬಿಗಿಯುವುದು 100ರಿಂದ 120 ನ್ಯೂಟನ್ ಮೀಟರಿಗೆ. ತಿಂಗಳುಗಟ್ಟಲೆ ನೀರು ಧೂಳು ಕುಡಿದ ಮೇಲೆ ಬಿಚ್ಚಲು ಅದಕ್ಕಿಂತ ಬಹಳ ಹೆಚ್ಚು ಬೇಕಾಗುತ್ತದೆ. ಅದಕ್ಕಿರುವುದು ಅರ್ಧ ಇಂಚಿನ ಚೌಕವಿರುವ ಇಂಪ್ಯಾಕ್ಟ್ ರೆಂಚ್. ಬಿಗಿಯುವಾಗಲಂತೂ ಯಾವ ಇಂಪ್ಯಾಕ್ಟನ್ನೂ ನಂಬದೆ ಟಾರ್ಕ್ ರೆಂಚ್ ಹಿಡಿಯಿರಿ.

ಸುಮ್ಮನೆಓದುಗ
ಬ್ರಷ್‌ಲೆಸ್ ಪ್ರಶ್ನೆ ಹಾಗೆಯೇ ಉಳಿಯಿತು.

ಹಳೆಯಉಳಿ
ಬ್ರಷ್ ಎಂದರೆ ತಿರುಗುವ ಮೋಟಾರಿಗೆ ಉಜ್ಜಿಕೊಂಡು ವಿದ್ಯುತ್ ಮುಟ್ಟಿಸುವ ಕಾರ್ಬನ್ ತುಂಡು. ಅದು ಇರುವುದರಲ್ಲಿ ಕಾರ್ಬನ್ ಸವೆದರೆ ಎರಡು ತುಂಡು ಬದಲಿಸಿದರೆ ಮುಗಿಯಿತು. ಬ್ರಷ್‌ಲೆಸ್ಸಿನ ಸರ್ಕ್ಯೂಟ್ ಸುಟ್ಟರೆ ಒಳಗಿನ ಅರ್ಧ ಯಂತ್ರವೇ ಹೊಸದು.

ಗರಗಸಗಿತ್ತಿ
ಆ ಕಾರ್ಬನ್ ಉಜ್ಜಿ ಬಿಸಿಯಾಗಿ ಹೋಗುವ ಶಕ್ತಿ ನಿಮ್ಮ ಬ್ಯಾಟರಿಯದ್ದೇ ಅಲ್ಲವೇ? ಬ್ರಷ್‌ಲೆಸ್ಸಿನಲ್ಲಿ ಅದೇ ಬ್ಯಾಟರಿಗೆ ಹೆಚ್ಚು ಸ್ಕ್ರೂ, ಯಂತ್ರದ ಉದ್ದವೂ ಕಡಿಮೆ. ವರ್ಷಕ್ಕೆ ಒಂದು ಕಪಾಟು ಮಾಡುವವರಿಗೆ ಬ್ರಷ್ ಇರುವುದು ಸಾಕು. ಪ್ರತಿ ವಾರ ಹಿಡಿಯುವವರಿಗೆ ಹೆಚ್ಚುವರಿ ಹಣ ವ್ಯರ್ಥವಲ್ಲ.

ಒಂದು ಎಚ್ಚರಿಕೆ. ಜೋಡಿ ಕಿಟ್ಟಿನ ಪೆಟ್ಟಿಗೆಯಲ್ಲಿ ಡ್ರಿಲ್ ಬ್ರಷ್‌ಲೆಸ್, ಇಂಪ್ಯಾಕ್ಟ್ ಹಳೆಯ ಬ್ರಷ್ ಮಾದರಿ, ಬ್ಯಾಟರಿ 1.5 ಆಂಪಿಯರ್ ಅವರಿನದು, ಚಾರ್ಜರ್ ಆಮೆಗತಿಯದು, ಹೀಗೆ ಬೆರೆಸಿ ಮಾರುವುದುಂಟು. ಮುಂಭಾಗದ ಚಿತ್ರ ನೋಡಬೇಡಿ. ಎರಡೂ ಯಂತ್ರಗಳ ಮಾದರಿ ಸಂಖ್ಯೆಯನ್ನು ಬೇರೆ ಬೇರೆಯಾಗಿ ಹುಡುಕಿ ಓದಿ. ಚಕ್ 10 ಮಿಲಿಮೀಟರೇ 13ಏ ಎಂಬುದನ್ನೂ ನೋಡಿ.

ಕೋಶಗಣಿತ
ಅದಕ್ಕಿಂತ ಮೊದಲು, ಆ ಬ್ಯಾಟರಿಗೆ ಮುಂದೆ ಇನ್ನೇನೇನು ಹೊಂದುತ್ತದೆ ಎಂದು ನೋಡಬೇಕು. ನೀವು ಕೊಳ್ಳುತ್ತಿರುವುದು ಡ್ರಿಲ್ಲನ್ನಲ್ಲ, ಒಂದು ಬ್ಯಾಟರಿ ಸಂಸಾರವನ್ನು. ಮುಂದೆ ಗರಗಸ, ಸ್ಯಾಂಡರ್, ಗ್ರೈಂಡರ್ ಬೇಕಾದಾಗ ಬರೀ ಯಂತ್ರ ಕೊಂಡರೆ ಸಾಕಾಗಬೇಕು. ಹೆಸರು ಒಂದೇ ಇದ್ದ ಮಾತ್ರಕ್ಕೆ ಬ್ಯಾಟರಿ ಒಂದೇ ಎಂದುಕೊಳ್ಳಬೇಡಿ. ಬಾಷ್‌ನ ನೀಲಿ 18 ವೋಲ್ಟ್ ಹಸಿರು 18 ವೋಲ್ಟಿಗೆ ಕೂರುವುದಿಲ್ಲ. ಮಕಿತಾದ 18 ವೋಲ್ಟಿನದು ಅವರದೇ 40 ಮ್ಯಾಕ್ಸ್ ಯಂತ್ರಕ್ಕೆ ಆಗುವುದಿಲ್ಲ. ಇನ್ನೊಂದೆಡೆ ರಿಯೋಬಿ 1996ರಲ್ಲಿ ತಂದ 18 ವೋಲ್ಟಿನ ಆಕಾರವನ್ನೇ ಇಂದಿಗೂ ಉಳಿಸಿಕೊಂಡಿದೆ.

ಮೂರನೇಮಹಡಿ
ಇದನ್ನು ಒಪ್ಪುತ್ತೇನೆ. ಮುಂದೆ ಗ್ರೈಂಡರ್, ವೃತ್ತದ ಗರಗಸ ಎಲ್ಲ ಬೇಕೆನ್ನುವವರು 18ಕ್ಕೆ ಹೋಗುವುದೇ ಮೇಲು. ಕಪಾಟು ಹಿಂಜ್ ಅಷ್ಟೇ ಎನ್ನುವವರಿಗೆ 12.

ಹೊಸಗೈ
ಗರಗಸದ ಆಸೆ ಇದೆ, ಹಾಗಾಗಿ 18 ಎಂದುಕೊಂಡೆ. ಇವತ್ತು ಒಂದು ಜೋಡಿಯನ್ನು ಕೈಯಲ್ಲಿ ಹಿಡಿದು ನೋಡಿದೆ. ಡ್ರಿಲ್ಲಿನಲ್ಲಿ ಸುತ್ತಿಗೆ ಗುರುತಿನದು ಬೇಕೇ, ಇಲ್ಲದ್ದು ಸಾಕೇ?

ಗರಗಸಗಿತ್ತಿ
ಗೋಡೆಗೆ ನಿಮ್ಮ ವೈರ್ ಡ್ರಿಲ್ ಇರುವುದರಿಂದ ಇಲ್ಲದ್ದೇ ತೆಗೆದುಕೊಳ್ಳಿ. ತಟ್ಟೆಗಳಿಲ್ಲದ್ದು ಉದ್ದದಲ್ಲಿ ಚಿಕ್ಕದು, ಹಗುರವೂ ಹೌದು.

ಬಾಗಿಲುಚೌಕಟ್ಟು
ನಾನಾದರೆ ಇಂಪ್ಯಾಕ್ಟ್ ಒಂದನ್ನೇ ಕೊಂಡು, ಉಳಿದ ಹಣಕ್ಕೆ ದೊಡ್ಡ ಬ್ಯಾಟರಿ ತರುತ್ತಿದ್ದೆ. ಆದರೆ ಗರಗಸಗಿತ್ತಿಯವರು ಕೈ ಹಿಡಿದು ತಡೆಯುತ್ತಾರಂತೆ, ಜೋಡಿಯೇ ಇರಲಿ.

ಎರಡೂ ಇರುವುದರಿಂದ ಆಗುವ ನಿಜವಾದ ಲಾಭ ಒಂದಿದೆ. ಡ್ರಿಲ್ಲಿಗೆ ಪೈಲಟ್ ತೂತಿನ ಬಿಟ್, ಇಂಪ್ಯಾಕ್ಟಿಗೆ ಸ್ಕ್ರೂ ಬಿಟ್. ಒಂದೊಂದು ಸ್ಕ್ರೂವಿಗೂ ಚಕ್ ಬಿಚ್ಚಿ ಬಿಗಿಯುವ ರೇಜಿಗೆ ತಪ್ಪುತ್ತದೆ.

ತಾಮ್ರತಂತಿ
ದೊಡ್ಡ ಗುಂಡು ತೂತು ಕತ್ತರಿಸುವ ಹಲ್ಲಿನ ಬಟ್ಟಲು, ಅಂದರೆ ಹೋಲ್ ಸಾ, ಹಾಕಿದಾಗ ಡ್ರಿಲ್ಲಿಗೆ ಪಕ್ಕದ ಹಿಡಿಕೆಯನ್ನು ತಪ್ಪದೆ ಕಟ್ಟಿಕೊಳ್ಳಿ. ಹಲ್ಲು ಸಿಕ್ಕಿಕೊಂಡರೆ ಡ್ರಿಲ್ ಗಿರ್ರನೆ ತಿರುಗುತ್ತದೆ. ನನ್ನ ಜೊತೆ ಕೆಲಸ ಮಾಡುತ್ತಿದ್ದವರೊಬ್ಬರು ಮಣಿಕಟ್ಟಿಗೆ ಪಟ್ಟಿ ಹಾಕಿಕೊಂಡು ವಾರಗಟ್ಟಲೆ ಕುಳಿತಿದ್ದರು.

ಹೊಸಗೈ
ಸರಿ. 2 ಆಂಪಿಯರ್ ಅವರಿನ ಎರಡು ಬ್ಯಾಟರಿಯೇ, 4ರದ್ದು ಒಂದೇ?

ಕೋಶಗಣಿತ
ಎರಡು. ಯಂತ್ರಗಳೂ ಎರಡಿವೆಯಲ್ಲ. ಬಳಸದೆ ತಿಂಗಳುಗಟ್ಟಲೆ ಇಡುವುದಾದರೆ ಅರ್ಧ ಚಾರ್ಜಿನಲ್ಲಿ, ತಂಪಾದ ಜಾಗದಲ್ಲಿಡಿ. ಬಿಸಿಲಿಗೆ ನಿಂತ ಕಾರಿನಲ್ಲಿ ಬಿಡಬೇಡಿ. ಗರಗಸ ಬಂದ ಮೇಲೆ ದೊಡ್ಡದು ಕೊಳ್ಳಿ, ಅದಕ್ಕೆ 2 ಸಾಲದು.

ಸುಮ್ಮನೆಓದುಗ
ಇಷ್ಟೆಲ್ಲ ಓದಿ ನನಗೂ ಒಂದು ಬೇಕೆನಿಸುತ್ತಿದೆ. ಮನೆಯಲ್ಲಿ ಮಾಡಲು ಕೆಲಸವೇ ಇಲ್ಲ.

ಹಳೆಯಉಳಿ
ಕೊಂಡ ಮೇಲೆ ಕೆಲಸ ತಾನಾಗಿಯೇ ಹುಟ್ಟುತ್ತದೆ. ಮೊದಲು ಕುರ್ಚಿಗಳ ಕಾಲೆಲ್ಲ ಬಿಗಿಯುತ್ತೀರಿ.

ಬಾಗಿಲುಚೌಕಟ್ಟು
ಬಿಗಿಯುವುದಾದರೆ ಕ್ಲಚ್ ಇರುವುದರಲ್ಲಿ. ಹೌದು, ನಾನೇ ಹೇಳುತ್ತಿದ್ದೇನೆ.